ಕಾವಲಿಲ್ಲದ ಬುಗ್ಗೆಗೆ ಹೋದವರೇ ಕಾವಲು

ಅಂಧೇರಿಯ ಕನ್ನಡ ಚಾರಣ ಬಳಗಗಳ ಸಂಚಾಲಕರಿಗೆ ಮತ್ತು ಸದಸ್ಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯ ಗೆಳತಿಯರೆ,

ಮಳೆ ಹಿಂದೆ ಸರಿದಿದೆ. ಶನಿವಾರ, ಭಾನುವಾರದ ಬೆಳಗಿನ ಜಾವ ಅಂಧೇರಿ ಸ್ಟೇಷನ್ನಿನಲ್ಲಿ ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ವಿರಾರ್ ಲೋಕಲ್‌ಗೆ ಕಾಯುವವರ ಗುಂಪುಗಳು ಮತ್ತೆ ಕಾಣತೊಡಗಿವೆ. ಚಕಾಲಾ, ಮರೋಲ್, ಜೆ.ಬಿ. ನಗರದ ನಮ್ಮ ಮನೆಗಳ ಮಕ್ಕಳು ಆ ಗುಂಪುಗಳಲ್ಲಿ ಕನ್ನಡದಲ್ಲಿ, ತುಳುವಿನಲ್ಲಿ ಮಾತಾಡಿಕೊಳ್ಳುವುದನ್ನು ಕೇಳಿದರೆ ಮನಸ್ಸಿಗೆ ಸಂತೋಷವಾಗುತ್ತದೆ. ವಾರವಿಡೀ ಆಫೀಸು, ಹೋಟೆಲು, ಅಂಗಡಿಗಳಲ್ಲಿ ದುಡಿದವರು ಒಂದು ದಿನ ಬೆಟ್ಟ ಹತ್ತಲು ಹೊರಡುವುದು ಒಳ್ಳೆಯ ಕೆಲಸ. ಈ ಸಲ ನಿಮ್ಮ ಪಟ್ಟಿಯಲ್ಲಿ ಕೋಟೆ, ಜಲಪಾತಗಳ ಜೊತೆಗೆ ಹೊಸದೊಂದು ಸೇರಿದೆ ಎಂದು ತಿಳಿಯಿತು. ಠಾಣೆ, ಪಾಲ್ಘರ್ ಜಿಲ್ಲೆಗಳ ಕಾಡಂಚಿನಲ್ಲಿ, ನಡೆದೇ ಹೋಗಬೇಕಾದ ಕಡೆಗಳಲ್ಲಿರುವ ಬಿಸಿನೀರಿನ ಬುಗ್ಗೆಗಳು. ಅವುಗಳ ಬಗ್ಗೆ ನಿಮಗೆ ನಾಲ್ಕು ಮಾತು ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಹೋಗಬೇಡಿ ಎನ್ನುವುದಕ್ಕಲ್ಲ, ಹೇಗೆ ಹೋಗಬೇಕು ಎನ್ನುವುದಕ್ಕೆ.

ನಮ್ಮವರಿಗೆ ಬಿಸಿನೀರಿನ ಬುಗ್ಗೆ ಹೊಸದೇನೂ ಅಲ್ಲ. ಪುತ್ತೂರಿನ ಕಡೆಯವರಾದರೆ ಇರ್ದೆ ಗ್ರಾಮದ ಬೆಂದ್ರ್ ತೀರ್ಥವನ್ನು ನೋಡಿರುತ್ತೀರಿ, ಇಲ್ಲವೆ ಅಜ್ಜಿಯ ಬಾಯಿಂದ ಕೇಳಿರುತ್ತೀರಿ. ಸೀರೆ ಹೊಳೆಯ ದಡದ ಆ ಚೌಕದ ಕೆರೆಯ ನೀರು ಮೈಗೆ ಹಿತವಾಗುವಷ್ಟು ಬೆಚ್ಚಗೆ, ಸ್ವಲ್ಪ ಗಂಧಕದ ವಾಸನೆಯಿಂದ ಕೂಡಿರುತ್ತಿತ್ತು. ಚರ್ಮದ ಕಾಯಿಲೆ ಇದ್ದವರು ಹರಕೆ ಹೊತ್ತು ಅಲ್ಲಿ ಮಿಂದು ಬರುತ್ತಿದ್ದರು. ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ಮೇಲೆ ನಮ್ಮ ಹಿರಿಯರಿಗೆ ಎರಡನೆಯ ಬುಗ್ಗೆ ಸಿಕ್ಕಿತು, ಭಿವಂಡಿ ತಾಲ್ಲೂಕಿನ ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿಗಳಲ್ಲಿ. ವಿರಾರಿನಲ್ಲಿಳಿದು ಎಸ್‌ಟಿ ಬಸ್ಸು ಹಿಡಿದರೆ ಹೆದ್ದಾರಿ ದಾಟಿ, ತುಂಗಾರೇಶ್ವರದ ಬೆಟ್ಟಸಾಲನ್ನು ಬಳಸಿಕೊಂಡು ವಜ್ರೇಶ್ವರಿ ತಲುಪುತ್ತದೆ. ವಸಯಿ ಕೋಟೆ ಗೆದ್ದರೆ ಗುಡಿ ಕಟ್ಟಿಸುತ್ತೇನೆಂದು ಮರಾಠಾ ಸೇನಾನಿ ಚಿಮಾಜಿ ಅಪ್ಪಾ ಹರಕೆ ಹೊತ್ತು, 1739ರಲ್ಲಿ ಗೆದ್ದ ಬಳಿಕ ಎದ್ದು ನಿಂತ ಗುಡಿ ಅದು. ದೇವಿ ಕೊಂದ ರಾಕ್ಷಸರ ರಕ್ತವೇ ಈ ಬಿಸಿನೀರು ಎಂದು ಅಲ್ಲಿನವರು ಕಥೆ ಹೇಳುತ್ತಾರೆ.

ಗಣೇಶಪುರಿಯ ನಂಟು ನಮಗೆ ಇನ್ನೂ ಹತ್ತಿರದ್ದು. ಕಾಸರಗೋಡು ಸೀಮೆಯ ಕಾಞಂಗಾಡಿನಲ್ಲಿ ಕಾಡಿನ ಗುಹೆಗಳನ್ನು ಆಶ್ರಮವಾಗಿಸಿದ್ದ ನಿತ್ಯಾನಂದರು 1930ರ ದಶಕದಲ್ಲಿ ಈ ಕಡೆಗೆ ಬಂದು, ಭೀಮೇಶ್ವರ ಗುಡಿಯ ಬಳಿ ನೆಲೆ ನಿಂತರು. ಆಗ ಅದು ದಟ್ಟ ಕಾಡು. ಗುಡಿಯ ಮುಂದಿನ ಬಿಸಿನೀರಿನ ಕುಂಡಗಳು ಜನ ಬಂದು ಮೀಯುವ ತಾಣವಾದದ್ದು ಅವರ ಕಾಲದಲ್ಲಿ. 1961ರ ಆಗಸ್ಟ್ 8ರಂದು ಅವರು ಅಲ್ಲಿಯೇ ದೇಹ ಬಿಟ್ಟರು. ಅವರ ಶಿಷ್ಯರಾದ ಮುಕ್ತಾನಂದರೂ ಮಂಗಳೂರು ಕಡೆಯವರೇ. ಮುಂಬಯಿಯ ಎಷ್ಟೋ ಉಡುಪಿ ಹೋಟೆಲುಗಳ ಗಲ್ಲಾದ ಮೇಲೆ ನಿತ್ಯಾನಂದರ ಪಟ ತೂಗುವುದನ್ನು ನೀವು ದಿನವೂ ನೋಡುತ್ತೀರಿ. ಆ ಹೋಟೆಲುಗಳ ಮಾಲೀಕರೂ, ಪಾತ್ರೆ ತೊಳೆದು ಮೇಲೆ ಬಂದ ಹುಡುಗರೂ ಒಂದೇ ಕುಂಡದಲ್ಲಿ ಮಿಂದು, ಒಂದೇ ಸಾಲಿನಲ್ಲಿ ನಿಂತು ದರ್ಶನ ಪಡೆದು ಬಂದವರು.

ಆ ಕುಂಡಗಳಿಗೆ ಒಂದು ಶಿಸ್ತಿದೆ. ಮೊದಲು ಕೈಕಾಲು ತೊಳೆಯಬೇಕು. ಸಾಬೂನು ಒಳಗೆ ತರುವಂತಿಲ್ಲ. ಹೆಂಗಸರ ಕಡೆ ಗಂಡಸರು ಸುಳಿಯುವಂತಿಲ್ಲ. ಸೂರ್ಯ, ಚಂದ್ರ, ಅಗ್ನಿ ಎಂದು ಕುಂಡಕ್ಕೊಂದು ಹೆಸರಿದೆ, ಹೆಸರಿನ ಹಿಂದೆ ಒಂದು ಭಯವೂ ಭಕ್ತಿಯೂ ಇದೆ. ಶಿಸ್ತು ಮುರಿಯುವವರು ಇಲ್ಲವೆಂದಲ್ಲ. ರಜಾದಿನಗಳಲ್ಲಿ ಅಲ್ಲಿ ಬಿದ್ದಿರುವ ತೆಂಗಿನ ಚಿಪ್ಪು, ಶ್ಯಾಂಪೂ ಪೊಟ್ಟಣ ನೋಡಿದರೆ ಬೇಸರವಾಗುತ್ತದೆ. ಆದರೂ ಅಲ್ಲಿ ಕೇಳುವವರಿದ್ದಾರೆ. ಪೂಜಾರಿಯಿದ್ದಾರೆ, ಅಂಗಡಿಯವರಿದ್ದಾರೆ, ಬೆಳಿಗ್ಗೆ ಎದ್ದು ಪೊರಕೆ ಹಿಡಿಯುವ ಒಂದು ಕೈಯಿದೆ. ನೀವು ಹುಡುಕಿಕೊಂಡು ಹೊರಟಿರುವ ಬುಗ್ಗೆಗಳಿಗೆ ಇವರ್‍ಯಾರೂ ಇಲ್ಲ. ಅಲ್ಲಿ ಗುಡಿಯಿಲ್ಲ, ಗೋಡೆಯಿಲ್ಲ, ಬೋರ್ಡಿಲ್ಲ. ಕಾವಲಿಲ್ಲದ ಬುಗ್ಗೆಗೆ ಹೋದವರೇ ಅದರ ಕಾವಲು. ಈ ಪತ್ರದಲ್ಲಿ ನಾನು ಹೇಳಬೇಕಾಗಿರುವುದು ಇದೊಂದೇ ಮಾತು, ಉಳಿದದ್ದೆಲ್ಲ ಅದರ ವಿವರ.

ಮೊದಲು ನೀರಿನ ವಿಷಯ. ಈ ಬಿಸಿ ಎಲ್ಲಿಂದ ಬರುತ್ತದೆ? ನಮ್ಮ ಅಂಧೇರಿ ಪಶ್ಚಿಮದ ಗಿಲ್ಬರ್ಟ್ ಹಿಲ್ ನೋಡಿದ್ದೀರಲ್ಲ, ಸುಮಾರು 200 ಅಡಿ ನೇರಕ್ಕೆ ಎದ್ದು ನಿಂತ ಕರಿಬಂಡೆ, ನೆತ್ತಿಯ ಮೇಲೆ ಗಾಂವದೇವಿಯ ಗುಡಿ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ ಉದ್ದಗಲಕ್ಕೂ ಉಕ್ಕಿ ಹರಿದ ಲಾವಾ ತಣಿದು ಆದ ಬಸಾಲ್ಟ್ ಶಿಲೆ ಅದು. ವಜ್ರೇಶ್ವರಿಯ ಸುತ್ತಲ ಬೆಟ್ಟಗಳೂ ಆ ಕುಲದವೇ. ಹಾಗಾಗಿ ಬುಗ್ಗೆಯ ಕೆಳಗೆ ಈಗಲೂ ಜ್ವಾಲಾಮುಖಿ ಇದೆ ಎಂದು ಹಲವರು ತಿಳಿದಿದ್ದಾರೆ. ಆದರೆ ಆ ಲಾವಾದ ಬಿಸಿ ಆರಿ ಯುಗಗಳೇ ಕಳೆದಿವೆ. ನಡೆಯುವುದು ಬೇರೆಯೇ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತ ಇಳಿಯುತ್ತ ತುಂಬ ಆಳಕ್ಕೆ ಹೋಗುತ್ತದೆ. ಭೂಮಿಯೊಳಗೆ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿಯಂತೆ ಬಿಸಿ ಏರುತ್ತದೆ. ಅಲ್ಲಿ ಕಾದ ನೀರು ಎಲ್ಲಾದರೂ ದೊಡ್ಡ ಬಿರುಕು ಸಿಕ್ಕರೆ ಅದನ್ನು ಹಿಡಿದು ಬೇಗ ಮೇಲೆ ಬರುತ್ತದೆ, ಪೂರ್ತಿ ಆರುವ ಮೊದಲೇ ನೆಲ ಸೀಳಿ ಹೊರಬೀಳುತ್ತದೆ. ಪಾಲ್ಘರ್‌ನಿಂದ ತೊಡಗಿ ರತ್ನಾಗಿರಿಯ ರಾಜಾಪುರದವರೆಗೆ, ಸಹ್ಯಾದ್ರಿಗೂ ಕಡಲಿಗೂ ನಡುವೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಒಂದೇ ಸಾಲಿನಲ್ಲಿ ಈ ಬುಗ್ಗೆಗಳಿವೆ. ಕೆಲವು 35 ಡಿಗ್ರಿಯ ಆಸುಪಾಸು, ಕೆಲವು 70ರ ಹತ್ತಿರ.

ಇದರ ಅರ್ಥ ಇಷ್ಟು: ಇಂದು ನಿಮ್ಮ ಕಾಲ ಬಳಿ ಗುಳ್ಳೆಯೊಡೆಯುವ ನೀರು ಯಾವಾಗಲೋ ಸುರಿದ ಮಳೆ. ಅದು ಬರುವ ದಾರಿ ಒಂದು ಸಣ್ಣ ಸೀಳು. ಸೀಳಿಗೆ ಪ್ಲಾಸ್ಟಿಕ್ ತುರುಕಿದರೆ, ಕಲ್ಲು ಜಡಿದರೆ, ಕೆದಕಿ ಅಗಲ ಮಾಡಲು ಹೋದರೆ ನೀರು ದಾರಿ ಬದಲಿಸಬಹುದು. ಹಾಗಾದರೆ ಮತ್ತೆ ಕರೆತರುವ ಉಪಾಯ ನಮ್ಮಲ್ಲಿಲ್ಲ.

ಇನ್ನು ಆ ನೀರನ್ನು ನಂಬಿದ ಜನ. ಕಾಡಂಚಿನ ಬುಗ್ಗೆಯ ಹತ್ತಿರ ಒಂದಲ್ಲ ಒಂದು ಪಾಡಾ ಇದ್ದೇ ಇರುತ್ತದೆ. ವಾರ್ಲಿ, ಮಲ್ಹಾರ್ ಕೋಳಿ, ಕಾತಕರಿ ಜನರ ಹತ್ತಿಪ್ಪತ್ತು ಮನೆ. ಚಳಿಗಾಲದ ಬೆಳಿಗ್ಗೆ ಅಲ್ಲಿನ ಹೆಂಗಸರು ಬುಗ್ಗೆಯ ಬಳಿ ಮಾಡುವ ಕೆಲಸವನ್ನು ಒಮ್ಮೆ ದೂರ ಕುಳಿತು ನೋಡಿದ್ದೇನೆ. ಹೊಳೆಯ ಅಂಚಿನ ಮರಳಿನಲ್ಲಿ ಬಿಸಿನೀರು ಉಕ್ಕುವ ಜಾಗಕ್ಕೆ ಅವರು ದುಂಡುಗಲ್ಲುಗಳ ಒಂದು ಕಟ್ಟೆ ಕಟ್ಟುತ್ತಾರೆ, ಮೊಣಕಾಲೆತ್ತರವೂ ಇರದ ಕಟ್ಟೆ. ಹೊಳೆಯ ಕಡೆಗೆ ಒಂದು ಕಲ್ಲನ್ನು ಮಾತ್ರ ಸಡಿಲ ಬಿಡುತ್ತಾರೆ. ನೀರು ಸುಡುತ್ತಿದ್ದರೆ ಆ ಕಲ್ಲನ್ನು ಕಾಲಿನಿಂದಲೇ ಬೆರಳಗಲ ಸರಿಸುತ್ತಾರೆ, ತಣ್ಣೀರು ಒಳಗೆ ಬರುತ್ತದೆ. ಕೈಯದ್ದಿ ನೋಡುತ್ತಾರೆ. ಹದ ಬಂತೆಂದರೆ ಕಲ್ಲು ಮತ್ತೆ ತನ್ನ ಜಾಗಕ್ಕೆ. ಮೊದಲು ಹಸುಗೂಸುಗಳ ಸ್ನಾನ, ಆಮೇಲೆ ಮುದುಕಿಯರದು, ಕೊನೆಗೆ ತಮ್ಮದು. ಬಟ್ಟೆ ಒಗೆಯುವುದಿದ್ದರೆ ಕಟ್ಟೆಯಿಂದ ಕೆಳಗೆ, ನೀರು ಹರಿದು ಹೋಗುವ ಕಡೆ. ಯಾರೂ ಬರೆದಿಡದ ಕಾನೂನು ಅದು, ಯಾರೂ ಮೀರುವುದಿಲ್ಲ.

ಪೇಟೆಯಿಂದ ಬಂದ ಗುಂಪೊಂದು ಆ ಕಟ್ಟೆಯನ್ನು ಕೆಡವಿ, ‘ನಮಗೆ ದೊಡ್ಡ ಪೂಲ್ ಬೇಕು’ ಎಂದು ಕಲ್ಲುಗಳನ್ನು ಅತ್ತಿತ್ತ ಎಸೆದು ಹೋದರೆ ಮರುದಿನ ಆ ಹೆಂಗಸರು ಮತ್ತೆ ಬಗ್ಗಿ ಎಲ್ಲವನ್ನೂ ಹೊಂದಿಸಬೇಕು. ಬಾಟಲಿ ಒಡೆದು ಹೋದರಂತೂ ಹೊಂದಿಸಲಿಕ್ಕೂ ಆಗದು. ಮರಳಿನಲ್ಲಿ ಹುದುಗಿದ ಗಾಜು ಬರಿಗಾಲಿನ ಮಗುವಿಗೇ ಮೊದಲು ಸಿಗುವುದು.

ಗೆಳೆಯರೆ, ಇನ್ನೊಂದು ವಿಷಯವನ್ನು ನೀವು ಯೋಚಿಸಬೇಕು. ವಜ್ರೇಶ್ವರಿಯ ಪಕ್ಕದಲ್ಲಿ ಹರಿಯುವುದು ತಾನ್ಸಾ ನದಿ. ಅದರ ಮೇಲ್ಭಾಗದ ತಾನ್ಸಾ ಅಣೆಕಟ್ಟಿನಿಂದ 1892ರಿಂದಲೂ ಮುಂಬಯಿಗೆ ನೀರು ಬರುತ್ತಿದೆ. ವೈತರಣಾ, ಭಾತ್ಸಾ ನದಿಗಳ ನೀರೂ ಕೊಳವೆಗಳಲ್ಲಿ ಇಲ್ಲಿಗೇ ಬರುತ್ತದೆ. ತಾನ್ಸಾ, ಭಾತ್ಸಾ ಅಣೆಕಟ್ಟುಗಳಿರುವ ಶಹಾಪುರ ತಾಲ್ಲೂಕಿನ ಎಷ್ಟೋ ಪಾಡಾಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೆಂಗಸರು ಟ್ಯಾಂಕರ್ ದಾರಿ ಕಾಯುತ್ತಾರೆ, ಕೊಡ ಹೊತ್ತು ಮೈಲಿಗಟ್ಟಲೆ ನಡೆಯುತ್ತಾರೆ. ಅವರ ತಣ್ಣೀರನ್ನು ನಾವು ದಿನವೂ ನಲ್ಲಿ ತಿರುಗಿಸಿ ಪಡೆಯುತ್ತೇವೆ. ಬಿಸಿನೀರಿಗೆ ರಜೆಯ ದಿನ ನಾವೇ ಅವರ ಅಂಗಳಕ್ಕೆ ಹೋಗುತ್ತೇವೆ. ಇಷ್ಟು ಋಣ ಇರುವವರು ನೆಂಟರ ಹಾಗೆ ನಡೆದುಕೊಳ್ಳುವುದು ಧರ್ಮ.

ನೆಂಟರು ಹೇಗೆ ನಡೆದುಕೊಳ್ಳಬೇಕು?

ಬುಗ್ಗೆಗೆ ಹೋಗುವ ಮುನ್ನ ಪಾಡಾಕ್ಕೆ ಹೋಗಿ. ಹಿರಿಯರೊಬ್ಬರನ್ನು ಕಂಡು, ಬಂದಿದ್ದೇವೆ ಎಂದು ಹೇಳಿ, ಹೋಗಬಹುದೇ ಎಂದು ಕೇಳಿ. ನಮಗೆಲ್ಲರಿಗೂ ಅಷ್ಟು ಮರಾಠಿ ಬರುತ್ತದೆ. ಹೆಂಗಸರ ಹೊತ್ತು ಯಾವುದೆಂದು ತಿಳಿದುಕೊಂಡು ಆ ಹೊತ್ತು ತಪ್ಪಿಸಿ. ಊರಿನ ಯಾರನ್ನಾದರೂ ದಾರಿ ತೋರಿಸಲು ಕರೆದುಕೊಂಡು, ಅವರಿಗೆ ದಿನದ ಕೂಲಿಗಿಂತ ಕಡಿಮೆಯಾಗದಂತೆ ಹಣ ಕೊಡಿ. ಮಧ್ಯಾಹ್ನದ ಊಟವನ್ನು ಯಾವುದಾದರೂ ಮನೆಯಲ್ಲಿ ಮೊದಲೇ ಹೇಳಿಟ್ಟು ಮಾಡಿಸಿಕೊಳ್ಳಿ. ಅಕ್ಕಿ ರೊಟ್ಟಿ, ಒಣಮೀನಿನ ಚಟ್ನಿ ಉಂಡು ದುಡ್ಡು ಕೊಟ್ಟು ಬಂದರೆ ಪ್ಯಾಕೆಟ್ಟುಗಳ ಕಸವೂ ಉಳಿಯುವುದಿಲ್ಲ. ತಲೆಗಿಷ್ಟು ಎಂದು ಶುಲ್ಕ ಕಟ್ಟಿಸಿಕೊಳ್ಳುವ ಸಂಚಾಲಕರೆ, ಆ ಶುಲ್ಕದಲ್ಲಿ ಪಾಡಾದ ಪಾಲು ಎಷ್ಟೆಂದು ನಿಮ್ಮ ಪ್ರಕಟಣೆಯಲ್ಲೇ ಹಾಕಿ.

ಗುಂಪು ಚಿಕ್ಕದಿರಲಿ. ಒಂದು ಬಸ್ಸು ತುಂಬ ಜನ ಇಳಿದರೆ ಯಾವ ಪುಟ್ಟ ಬುಗ್ಗೆಯೂ ತಾಳಿಕೊಳ್ಳುವುದಿಲ್ಲ. ಹೆಚ್ಚು ಜನ ಬಂದಿದ್ದರೆ ಸರದಿ ಮಾಡಿಕೊಳ್ಳಿ.

ಸಾಬೂನು, ಶ್ಯಾಂಪೂ, ಎಣ್ಣೆ ನೀರಿಗೆ ಬೇಡ. ಗಿಡಮೂಲಿಕೆಯ ಸಾಬೂನು, ಪರಿಸರಕ್ಕೆ ಒಳ್ಳೆಯದು ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಬೇಡ. ಮಣ್ಣಿನಲ್ಲಿ ಕರಗುವ ವಸ್ತು ನಿಂತ ನೀರಿನಲ್ಲಿ ಬೇಗ ಕರಗುವುದಿಲ್ಲ. ಮೈ ತೊಳೆಯಬೇಕಿದ್ದರೆ ನೀರು ತುಂಬಿಸಿಕೊಂಡು ದೂರ ಹೋಗಿ, ಮಣ್ಣಿನ ಮೇಲೆ ತೊಳೆದುಕೊಳ್ಳಿ. ಬಹಿರ್ದೆಸೆಗೂ ಅಷ್ಟೇ. ನೀರಿನಿಂದ ನೂರು ಹೆಜ್ಜೆಯಾದರೂ ಆಚೆ, ಗುಳಿ ತೋಡಿ, ಮುಚ್ಚಿ ಬನ್ನಿ. ಒಯ್ದ ಪ್ರತಿಯೊಂದು ವಸ್ತುವೂ ನಿಮ್ಮ ಬ್ಯಾಗಿನಲ್ಲೇ ಅಂಧೇರಿಗೆ ಮರಳಲಿ.

ಮೀಯುವವರ ಫೋಟೊ, ವಿಡಿಯೊ ಬೇಡವೇ ಬೇಡ. ಡ್ರೋನ್ ಹಾರಿಸುವುದನ್ನು ಬಳಗದ ನಿಯಮದಲ್ಲಿಯೇ ನಿಷೇಧಿಸಿ. ಬಯಲಲ್ಲಿ ಮೀಯಬೇಕಾದ ಹೆಂಗಸಿಗೆ ತಲೆಯ ಮೇಲೆ ಕ್ಯಾಮೆರಾ ಗುಂಯ್‌ಗುಟ್ಟುವುದಕ್ಕಿಂತ ದೊಡ್ಡ ಅವಮಾನವಿಲ್ಲ.

ಇನ್ನು ನಿಮ್ಮ ಜೀವದ ಮಾತು. ಬಿಸಿನೀರಿನ ಬುಗ್ಗೆ ನೋಡಲು ಸೌಮ್ಯ, ಆದರೆ ಅದರಲ್ಲಿ ಮೂರು ಅಪಾಯಗಳಿವೆ. ಮೊದಲನೆಯದು ಸುಡುವುದು. ಬುಗ್ಗೆಯ ಬಾಯಿಗೂ ಅದರಿಂದ ನಾಲ್ಕು ಹೆಜ್ಜೆ ಆಚೆಗೂ ಬಿಸಿ ಬೇರೆಬೇರೆ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಹಿಮಾಲಯದ ಮಣಿಕರಣ್‌ನಲ್ಲಿ, ಯಮುನೋತ್ರಿಯ ಸೂರ್ಯಕುಂಡದಲ್ಲಿ ಬಟ್ಟೆಯಲ್ಲಿ ಕಟ್ಟಿದ ಅಕ್ಕಿ ಬೇಯುತ್ತದೆಂಬುದನ್ನು ನೆನಪಿಡಿ. ನೂರಿನ್ನೂರು ರೂಪಾಯಿಯ ಒಂದು ಥರ್ಮಾಮೀಟರ್ ಬಳಗದ ಚೀಲದಲ್ಲಿರಲಿ. 40 ಡಿಗ್ರಿ ಮೀರಿದರೆ ಕೂರಬೇಡಿ. ಪಾಚಿಗಟ್ಟಿದ ಕಲ್ಲಿನ ಮೇಲೆ ಓಡಬೇಡಿ.

ಎರಡನೆಯದು ತಲೆಸುತ್ತು. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗುತ್ತವೆ, ರಕ್ತದೊತ್ತಡ ಇಳಿಯುತ್ತದೆ. ಬೆಟ್ಟ ನಡೆದು ದಣಿದು, ನೀರು ಕುಡಿಯದೆ ಹೋಗಿ ಅರ್ಧ ಗಂಟೆ ಕೂತು ತಟಕ್ಕನೆ ಎದ್ದರೆ ಕಣ್ಣುಕತ್ತಲೆ ಬಂದು ಕಲ್ಲಿಗೆ ಬೀಳುತ್ತೀರಿ. ಹತ್ತು ನಿಮಿಷ ಸಾಕು. ಏಳುವಾಗ ನಿಧಾನ. ಹೆಂಡ ಕುಡಿದವರನ್ನು ನೀರಿಗಿಳಿಸಲೇಬೇಡಿ. ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳಿಯೇ ಹೋಗಲಿ.

ಮೂರನೆಯದು ಕಣ್ಣಿಗೆ ಕಾಣದ್ದು. ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಏರಬಲ್ಲದು. ಕಾಯಿಲೆ ಅಪರೂಪ, ಆದರೆ ಬಂದರೆ ಬದುಕುಳಿಯುವುದು ಕಷ್ಟ. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಇದರಿಂದ ಸಾವುಗಳಾದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಆದ್ದರಿಂದ ತಲೆ ಮುಳುಗಿಸಬೇಡಿ, ನೀರಿಗೆ ಹಾರಬೇಡಿ, ಒಬ್ಬರ ಮುಖಕ್ಕೊಬ್ಬರು ನೀರೆರಚಿ ಆಡಬೇಡಿ. ಕುತ್ತಿಗೆಯವರೆಗೆ ಮಿಂದರೂ ಪುಣ್ಯ ಅಷ್ಟೇ ಬರುತ್ತದೆ. ಮಳೆಗಾಲದಲ್ಲಂತೂ ಹೊಳೆಯಂಚಿನ ಬುಗ್ಗೆಯ ಕಡೆಗೆ ತಲೆ ಹಾಕಬೇಡಿ. ಮೇಲೆಲ್ಲೋ ಬೆಟ್ಟದಲ್ಲಿ ಸುರಿದ ಮಳೆ ಇಲ್ಲಿ ನೋಡನೋಡುತ್ತಲೇ ಪ್ರವಾಹವಾಗುತ್ತದೆ. 2013ರ ಜಲಪ್ರಳಯದಲ್ಲಿ ಕೇದಾರದ ದಾರಿಯ ಗೌರಿಕುಂಡದ ಬಿಸಿನೀರಿನ ಕುಂಡವೇ ಕೊಚ್ಚಿಹೋಯಿತು.

ಕೊನೆಯದಾಗಿ, ಕೆಲವರಿಗೆ ಇಷ್ಟವಾಗದ ಒಂದು ಮಾತು. ಪುಟ್ಟ ಬುಗ್ಗೆಗಳ ಜಾಗವನ್ನು ಜಗಜ್ಜಾಹೀರು ಮಾಡಬೇಡಿ. ಈ ಪತ್ರದಲ್ಲಿ ನಾನು ವಜ್ರೇಶ್ವರಿ, ಗಣೇಶಪುರಿ, ಬೆಂದ್ರ್ ತೀರ್ಥಗಳ ಹೆಸರು ಬರೆದಿದ್ದೇನೆ, ಅವು ಎಲ್ಲರಿಗೂ ಗೊತ್ತಿರುವ ತೀರ್ಥಗಳು. ದೂರ ಕುಳಿತು ನೋಡಿದೆನೆಂದ ಆ ಬುಗ್ಗೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ‘ನಮ್ಮ ತೆರಿಗೆಯ ದೇಶ, ಯಾರು ಎಲ್ಲಿ ಬೇಕಾದರೂ ಹೋಗಬಹುದು, ಗುಟ್ಟು ಯಾಕೆ?’ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಪ್ರಶ್ನೆ ನ್ಯಾಯವಾದದ್ದೇ. ಹೋಗುವ ಹಕ್ಕನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಯಿಂದ ಬಾಯಿಗೆ ದಾಟಿದ ವಿಷಯದ ಜೊತೆಗೆ ಹೇಗೆ ನಡೆದುಕೊಳ್ಳಬೇಕೆಂಬ ಬುದ್ಧಿಮಾತೂ ದಾಟುತ್ತದೆ. ಅರ್ಧ ನಿಮಿಷದ ವಿಡಿಯೊ ನಕ್ಷೆಯ ಗುರುತನ್ನಷ್ಟೇ ದಾಟಿಸುತ್ತದೆ, ಬುದ್ಧಿಮಾತನ್ನು ಹಿಂದೆ ಬಿಡುತ್ತದೆ. ನಿಮ್ಮ ಸ್ನೇಹಿತರಿಗೆ ತೋರಿಸಬೇಕೆಂದರೆ ಕೈಹಿಡಿದು ಕರೆದುಕೊಂಡು ಹೋಗಿ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಹೇಳಿ. ಊರಿನವರೇ ‘ಜನ ಬರಲಿ, ನಮಗೂ ನಾಲ್ಕು ಕಾಸಾಗಲಿ’ ಎಂದು ಬಯಸಿ ಪ್ರಚಾರ ಕೇಳಿದರೆ ಧಾರಾಳವಾಗಿ ಮಾಡಿ. ಆ ತೀರ್ಮಾನ ಅವರದಾಗಿರಬೇಕು.

ಗಿಲ್ಬರ್ಟ್ ಹಿಲ್‌ಗೆ ಏನಾಯಿತೆಂದು ಅಂಧೇರಿಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಸುತ್ತಲಿನ ಬಂಡೆಯನ್ನು ಜಲ್ಲಿಗಾಗಿ ಒಡೆದು ಒಡೆದು ಸಾಗಿಸಿದರು, ಬುಡದವರೆಗೆ ಕಟ್ಟಡಗಳು ಬಂದವು. 2007ರಲ್ಲಿ ಮಹಾನಗರಪಾಲಿಕೆ ಅದನ್ನು ಪರಂಪರೆಯ ತಾಣವೆಂದು ಪಟ್ಟಿಗೆ ಸೇರಿಸುವ ಹೊತ್ತಿಗೆ ಒಂದು ಕಂಬದಷ್ಟು ಮಾತ್ರ ಉಳಿದಿತ್ತು. ಆರೂವರೆ ಕೋಟಿ ವರ್ಷ ನಿಂತ ಬಂಡೆಯ ಗತಿಯೇ ಇದಾದರೆ ಒಂದು ಕಲ್ಲು ಸರಿಸಿದರೆ ಹದ ಕೆಡುವ ಬುಗ್ಗೆ ಎಷ್ಟು ದಿನ ತಾಳೀತು? ಸರಕಾರದ ಪಟ್ಟಿ, ಬೇಲಿ, ಬೋರ್ಡು ಬರುವವರೆಗೆ ಅದು ಕಾಯಲಾರದು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಈ ಚಳಿಗಾಲದ ಮೊದಲ ಚಾರಣಕ್ಕೆ ಮುನ್ನ ಪ್ರತಿಯೊಂದು ಬಳಗವೂ ಒಂದು ಸಭೆ ಸೇರಿ, ಬುಗ್ಗೆಗೆ ಹೋಗುವವರ ನಿಯಮಗಳನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದುಕೊಳ್ಳಲಿ. ಹೊಸಬರು ಸೇರುವಾಗ ಅದನ್ನು ಗಟ್ಟಿಯಾಗಿ ಓದಿ ಹೇಳಲಿ. ಒಪ್ಪದವರನ್ನು ಎಷ್ಟೇ ಬೇಕಾದವರಾಗಿದ್ದರೂ ಕರೆದುಕೊಂಡು ಹೋಗದಿರಲಿ. ಪಾಡಾದ ಒಬ್ಬ ಅಜ್ಜಿ ಮುಂದಿನ ವರ್ಷ ನಿಮ್ಮನ್ನು ಕಂಡು ‘ಮತ್ತೆ ಬಂದಿರಾ, ಬನ್ನಿ’ ಎಂದರೆ ನೀವು ಸರಿಯಾಗಿ ನಡೆದುಕೊಂಡಿದ್ದೀರಿ ಎಂದೇ ಲೆಕ್ಕ. ಹೋಗಿ ಬನ್ನಿ, ಒಳ್ಳೆಯದಾಗಲಿ.

ಇತಿ ನಿಮ್ಮ ಹಿತೈಷಿ,
ಅಂಧೇರಿ ಪೂರ್ವದ ಒಬ್ಬ ಹಿರಿಯ ಚಾರಣಿಗ